ರಟ್ಟಿನ ಪಿಸ್ತೂಲು

೨೦೧೭ರ ಸೆಪ್ಟೆಂಬರ್ ೨೯, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕಡಲಾಚೆಯ ಪುಕೆಕೊಹೆ ಊರಿನ ಆ ಸಣ್ಣ ಡೈರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹಾಲು, ಬ್ರೆಡ್ಡು, ಪೇಪರು, ಸಿಗರೇಟು ಎಲ್ಲ ಸಿಗುವ ಮೂಲೆಯಂಗಡಿಗೆ ಇಲ್ಲಿಯವರು ಡೈರಿ ಅನ್ನುತ್ತಾರೆ. ಅಂದು ಆಯುಧಪೂಜೆ. ಕಾತ್ಯಾಯಿನಿ ತಕ್ಕಡಿ, ಕತ್ತರಿ, ಪೆಟ್ಟಿಗೆ ಕೊಯ್ಯುವ ಚಾಕು ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟಳು. ಆಮೇಲೆ ಗಲ್ಲಾದ ಕೆಳಗಿನ ಡ್ರಾಯರನ್ನು ತೊಳೆಯಲೆಂದು ಪೂರ್ತಿ ಹೊರಗೆಳೆದಳು. ಆ ಕೆಲಸ ಪ್ರತಿ ವರ್ಷ ಮೈದುನ ಮುರಳಿಯದು. ಕಳೆದ ವರ್ಷ ಸೂತಕದ ಮನೆಯಲ್ಲಿ ಹಬ್ಬವಿರಲಿಲ್ಲ. ಹಾಗಾಗಿ ಎರಡು ವರ್ಷದಿಂದ ಆ ಡ್ರಾಯರಿನ ಹಿಂಬದಿಯನ್ನು ಯಾರೂ ಮುಟ್ಟಿರಲಿಲ್ಲ ಎಂದು ಅವಳು ತಿಳಿದಿದ್ದಳು.

ಅಲ್ಲಿ, ರಸೀದಿ ಸುರುಳಿಗಳ ಹಿಂದೆ, ಒಂದು ಪಿಸ್ತೂಲು ಮಲಗಿತ್ತು.

ಅವಳು ಅದನ್ನು ಎತ್ತಿಕೊಂಡಳು. ಮರುಕ್ಷಣವೇ ಗೊತ್ತಾಯಿತು, ಅದು ರಟ್ಟಿನದು. ಚಿಪ್ಸ್ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ, ಅಂಚನ್ನು ಉಜ್ಜಿ ನಯ ಮಾಡಿದ್ದರು. ಮೇಲೆ ಪೆನ್ಸಿಲಿನಲ್ಲಿ ಸಣ್ಣ, ನೇರ ಅಕ್ಷರ: ಉದ್ದ ೧೬೦, ಎತ್ತರ ೧೧೮, ದಪ್ಪ ೨೬. ಡನೀಡಿನ್‌ನಲ್ಲಿ ಸರ್ವೇಯಿಂಗ್ ಓದಿದ ಅವಳ ಗಂಡ ಮನೋಜ್ ಅಂಕಿ ಬರೆಯುವುದೇ ಹಾಗೆ. ಏಳರ ಅಂಕಿಗೆ ನಡು ಗೀಟು ಹಾಕದೆ ಬಿಡುವವನಲ್ಲ, ಮಿಲಿಮೀಟರನ್ನು ಬಿಟ್ಟು ಮಾತಾಡುವವನೂ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನು ಅಂದಾಜಿನಲ್ಲಿ ಮಾತಾಡುತ್ತಿದ್ದ.

ಹದಿಮೂರು ತಿಂಗಳ ಹಿಂದೆ, ಆಗಸ್ಟಿನ ಒಂದು ಸಂಜೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಬ್ಬರು ಸಿಗರೇಟಿಗಾಗಿ ಈ ಅಂಗಡಿಗೆ ನುಗ್ಗಿದ್ದರು. ಗಲ್ಲಾದಲ್ಲಿ ನಿಂತಿದ್ದವನು ಮನೋಜ್‌ನ ತಮ್ಮ ಮುರಳಿ. ಸುತ್ತಿಗೆಯ ಏಟು ಕಿವಿಯ ಮೇಲೆ ಬಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವನು ತೀರಿಕೊಂಡ. ಅಂದು ರಸ್ತೆ ಅಳೆಯುವ ಕೆಲಸ ಮುಗಿಸಿ ತಮ್ಮನಿಗೆ ಕೈಜೋಡಿಸಲು ಬಂದಿದ್ದ ಮನೋಜ್ ಹಿಂದಿನ ಗೋದಾಮಿನಲ್ಲಿ ಹಾಲಿನ ಕ್ರೇಟು ಎತ್ತಿಡುತ್ತಿದ್ದ. ಪೊಲೀಸರಿಗೂ, ಮೈಸೂರಿನಲ್ಲಿದ್ದ ಅಮ್ಮನಿಗೂ ಅವನು ಹೇಳಿದ್ದು ಒಂದೇ: ‘ನಾನು ದೂರ ಇದ್ದೆ. ಫ್ರೀಜರ್ ಹತ್ತಿರ. ಏಳೆಂಟು ಮೀಟರ್ ಇರಬಹುದು.’

ಆಮೇಲೆ ಅವನು ಕೆಲಸ ಬಿಟ್ಟು ಅಂಗಡಿಯಲ್ಲೇ ನಿಂತ. ನಿದ್ದೆ ಹೋಯಿತು. ಫೆಬ್ರವರಿಯಲ್ಲಿ ಪಿಸ್ತೂಲ್ ಕ್ಲಬ್ ಸೇರಿದ. ನಿಯಮಗಳನ್ನೆಲ್ಲ ಅವನೇ ಅವಳಿಗೆ ವಿವರಿಸಿದ್ದ. ಈ ದೇಶದಲ್ಲಿ ಪಿಸ್ತೂಲನ್ನು ಸೊಂಟದಲ್ಲಿ ಬಚ್ಚಿಟ್ಟುಕೊಂಡು ಓಡಾಡಲು ಪರವಾನಗಿಯೇ ಇಲ್ಲ. ಬೇಕಾದರೆ ಮೊದಲು ಸಾಮಾನ್ಯ ಬಂದೂಕಿನ ಪರವಾನಗಿ ಪಡೆಯಬೇಕು, ಕ್ಲಬ್ಬಿನ ಸದಸ್ಯನಾಗಬೇಕು, ಆರು ತಿಂಗಳಲ್ಲಿ ಹನ್ನೆರಡು ಸಲ ಹೋಗಿ ಗುರಿ ಕಲಿಯಬೇಕು, ಆಮೇಲೆ ಪಿಸ್ತೂಲಿಗೆ ಅರ್ಜಿ. ಸಿಕ್ಕ ಮೇಲೂ ಅದು ಇರಬೇಕಾದದ್ದು ಮನೆಯ ಉಕ್ಕಿನ ಸೇಫಿನಲ್ಲಿ, ಗುಂಡು ಬೇರೆ ಕಡೆ. ಹೊರಗೆ ಒಯ್ಯುವುದಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮನೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮನೆಗೆ.

ಅವನು ಹನ್ನೆರಡಲ್ಲ, ಇಪ್ಪತ್ತಾರು ಭಾನುವಾರ ಹೋದ. ಆ ಭಾನುವಾರಗಳಂದು ನಿದ್ದೆ ಮಾಡುತ್ತಿದ್ದ, ಊಟ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಕ್ಲಬ್ಬಿನ ಮುದುಕರೊಬ್ಬರು ಹೇಳಿದ್ದನ್ನು ಒಮ್ಮೆ ನಗುತ್ತ ಹೇಳಿದ್ದ: ‘ಮೊದಲನೇದು ಉದ್ದ ನಳಿಗೇದು ತಗೊ, ಸಣ್ಣದಕ್ಕೆ ಆಸೆ ಪಡಬೇಡ, ಸಣ್ಣದು ಗುರಿಗಲ್ಲ, ಜೇಬಿಗೆ ಅಂತಾರೆ ಕಣೇ.’ ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು ಅಂದೇ.

ಕ್ಲಬ್ಬಿನ ಪಿಸ್ತೂಲು ಈ ಡ್ರಾಯರಿನಲ್ಲಿ ಓರೆಯಾಗಿ ಇಟ್ಟರೂ ಹಿಡಿಯುವುದಿಲ್ಲ. ರಟ್ಟಿನದು ಹೇಳಿ ಮಾಡಿಸಿದಂತೆ ಕೂತಿತ್ತು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಗೋದಾಮಿಗೂ ಅಂಗಡಿಗೂ ನಡುವೆ ತೂಗುವ ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನು ಭುಜದಿಂದ ಸರಿಸಿ, ಬ್ರೆಡ್ಡಿನ ಟ್ರೇ ಹಿಡಿದು ಮನೋಜ್ ಬಂದ. ಅವಳ ಕೈಯಲ್ಲಿದ್ದುದನ್ನು ನೋಡಿ ಟ್ರೇ ಕೆಳಗಿಟ್ಟ.

"ಅದನ್ಯಾಕೆ ತೆಗ್ದೆ?"

"ಪೂಜೆಗೆ ಡ್ರಾಯರ್ ತೊಳೀಬೇಡ್ವಾ? ಇದಕ್ಕೂ ಕುಂಕುಮ ಇಡ್ಲಾ ಹೇಳು."

"ತಮಾಷೆ ಮಾಡ್ಬೇಡ ಕಾತ್ಯಾ."

"ತಮಾಷೆ ಮಾಡ್ತಿರೋದು ನೀನು. ಸೇಫಲ್ಲಿ ಇರ್ಬೇಕಾದ್ದು ಗಲ್ಲಾದಲ್ಲಿ ಯಾಕೆ ಬಂತು? ಯಾರು ಹೇಳ್ಕೊಟ್ಟಿದ್ದು, ಆ ಟೆಕ್ಸಾಸ್ ಪ್ರಕಾಶಾನಾ?"

ಪ್ರಕಾಶ್ ಮನೋಜ್‌ನ ದೊಡ್ಡಪ್ಪನ ಮಗ. ಅಲ್ಲಿ ಪರವಾನಗಿ ಪಡೆದು ಅಂಗಿಯ ಒಳಗೆ ಪಿಸ್ತೂಲು ಇಟ್ಟುಕೊಂಡೇ ದೇವಸ್ಥಾನಕ್ಕೂ ಹೋಗುವವನು. ಚಪ್ಪಟೆ ಇರಲಿ, ಉಬ್ಬು ಕಾಣಬಾರದು, ಹಿಡಿ ಅಂಗೈಗೆ ಕೂಡಬೇಕು, ಗುಂಡು ಹಾರಿಸುವ ಕುದುರೆ ಬಟ್ಟೆಗೆ ಸಿಕ್ಕಬಾರದು ಎಂದೆಲ್ಲ ವಾಟ್ಸಾಪಿನಲ್ಲಿ ಪಾಠ ಹೇಳುತ್ತಿದ್ದ, ಮದುವೆಗೆ ಸೀರೆ ಆರಿಸುವವರ ಹಾಗೆ.

"ಅವನೇನೂ ಹೇಳ್ಕೊಟ್ಟಿಲ್ಲ," ಎಂದ ಮನೋಜ್. "ಸುಮ್ನೆ ಕೂರತ್ತಾ ಅಂತ ನೋಡ್ದೆ, ಅಷ್ಟೆ. ಇವತ್ತು ಹತ್ತು ಗಂಟೆಗೆ ಪಿಸ್ತೂಲಿನ ಅರ್ಜಿ ವಿಚಾರಿಸೋಕೆ ಆಫೀಸರ್ ಬರ್ತಾರೆ. ನಿನ್ನನ್ನ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ತಾರೆ. ಕ್ರೀಡೆಗೆ ಅಂತ ಹೇಳು. ಸುಳ್ಳೇನಲ್ಲ ಅದು. ಭಾನುವಾರ ನಾನು ಹೆಂಗಿರ್ತೀನಿ ನೀನೇ ನೋಡಿಲ್ವಾ?"

"ನೋಡಿದೀನಿ."

"ಮತ್ತೆ?"

"ಉಳಿದ ಆರು ದಿನಾನೂ ನೋಡಿದೀನಿ."

ಅವನು ದನಿ ತಗ್ಗಿಸಿದ. "ಅವತ್ತು ನನ್ ಕೈಲಿ ಒಂದು ಏನಾದ್ರೂ ಇದ್ದಿದ್ರೆ, ಅಷ್ಟು ದೂರದಿಂದಾನೂ..." ಎಂದು ನಿಲ್ಲಿಸಿದ. ಅವನು ಪ್ರತಿ ಸಲ ನಿಲ್ಲಿಸುತ್ತಿದ್ದುದೇ ಅಲ್ಲಿ.

ಪೂಜೆ ಮಾಡಿದರು. ತಕ್ಕಡಿ, ಕತ್ತರಿ, ಚಾಕು, ಸಾಲಿನ ಕೊನೆಗೆ ಮನೋಜ್‌ನ ಹಳೆಯ ಉಕ್ಕಿನ ಅಳತೆ ಟೇಪು. ಎಲ್ಲದಕ್ಕೂ ಅರಿಸಿನ ಕುಂಕುಮ, ಒಂದೊಂದು ಚೆಂಡುಹೂವು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. "ಅತ್ತಿಗೆ, ಗಲ್ಲಾಕ್ಕೂ ರಜ ಕೊಟ್ಬಿಟ್ರೆ ಊರೋರಿಗೆ ಹಾಲು ನೀವೇ ಪುಕ್ಕಟೆ ಕೊಡ್ಬೇಕಾಗತ್ತೆ," ಎಂದು ಮುರಳಿ ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ಅದೇ ಮಾತು, ಆದರೂ ಅವಳಿಗೆ ನಗು ಬರುತ್ತಿತ್ತು. ಈಗ ಗಲ್ಲಾಕ್ಕೆ ಕುಂಕುಮ ಇಡುವಾಗ ಬೆರಳು ಒಂದಿಷ್ಟು ಹೊತ್ತು ಅಲ್ಲೇ ನಿಂತಿತು.

ಹತ್ತಕ್ಕೆ ಸರಿಯಾಗಿ ಗ್ರೇಮ್ ಬಂದರು. ನಿವೃತ್ತ ಪೊಲೀಸ್ ಅಧಿಕಾರಿ, ಈಗ ಬಂದೂಕಿನ ಅರ್ಜಿಗಳ ವಿಚಾರಣೆ ಮಾಡುವವರು. ಅಂಗಡಿಯ ಹಿಂದಿನ ಮನೆಯಲ್ಲಿ ಸೇಫನ್ನು ಅಲ್ಲಾಡಿಸಿ ನೋಡಿ, "ಇಷ್ಟು ಮಟ್ಟಸವಾಗಿ ಕೂರಿಸಿದ್ದನ್ನ ನಾನು ನೋಡೇ ಇಲ್ಲ," ಎಂದರು. ಮನೋಜ್‌ನನ್ನು ಅಂಗಡಿಗೆ ಕಳಿಸಿ, ಅಡುಗೆಮನೆಯ ಮೇಜಿನ ಮುಂದೆ ಕುಳಿತು ಕಾಗದ ಬಿಚ್ಚಿದರು. ಮನೆಯಲ್ಲಿ ಜಗಳವೇ, ಕುಡಿತವೇ, ಖಿನ್ನತೆಯೇ ಎಂದು ಒಂದೊಂದಾಗಿ ಕೇಳಿದರು. ನಿದ್ದೆಯ ವಿಷಯ ಬಂದಾಗ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಬರೆದುಕೊಂಡರು.

"ಪಿಸ್ತೂಲು ಯಾಕೆ ಬೇಕು ಅಂತ ನಿಮ್ಮ ಗಂಡ ನಿಮಗೆ ಹೇಳಿದ್ದಾರೆ?"

ತರಕಾರಿ ಹೊಲಗಳ ಬಾವಿನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ನೋಡುವುದು ಕಾತ್ಯಾಯಿನಿಯ ದಿನದ ಕೆಲಸ. ಬೇಡದ ರೀಡಿಂಗನ್ನು ಕೈಬಿಡುವವರನ್ನು ಅವಳು ಲ್ಯಾಬಿನಲ್ಲಿ ಕ್ಷಮಿಸಿದವಳಲ್ಲ. ಮನೆಯಲ್ಲಿ ಮಾತ್ರ ಹದಿಮೂರು ತಿಂಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಅಂಗಡಿಯ ಕ್ಯಾಮೆರಾದಲ್ಲಿದ್ದ ಆ ಸಂಜೆಯ ವೀಡಿಯೋವನ್ನು ಮನೋಜ್ ನೋಡಲಾರೆ ಎಂದದ್ದಕ್ಕೆ ಪೊಲೀಸರು ಅವಳಿಗೆ ತೋರಿಸಿದ್ದರು. ಸುತ್ತಿಗೆ ಎತ್ತುವ ಮೊದಲು, ಮುರಳಿಯ ಬೆನ್ನ ಹಿಂದೆ, ಚಿತ್ರದ ಅಂಚಿನಲ್ಲಿ, ಪ್ಲಾಸ್ಟಿಕ್ ಪಟ್ಟಿಗಳು ಒಂದು ಸಲ ಅಲುಗಿದ್ದವು. ಆಮೇಲೆ ನಿಂತಿದ್ದವು. ಪೊಲೀಸರು ನೋಡುತ್ತಿದ್ದುದು ಕಳ್ಳರನ್ನು; ಅವರು ಏನೂ ಕೇಳಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ.

ಕ್ರೀಡೆಗೆ ಎಂದರೆ ಅವನ ಭಾನುವಾರಗಳು ಉಳಿಯುತ್ತವೆ. ಜೊತೆಗೆ ಆ ಡ್ರಾಯರೂ ಉಳಿಯುತ್ತದೆ. ಮುಂದೊಂದು ಸಂಜೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹದಿನಾರರ ಹುಡುಗನೊಬ್ಬ ಬರುತ್ತಾನೆ. ತಾನು ಹೆದರುವವನಲ್ಲ ಎಂದು ತನಗೇ ತೋರಿಸಿಕೊಳ್ಳಲು ಮನೋಜ್ ಅದೇ ಸಂಜೆಗಾಗಿ ಕಾಯುತ್ತ ನಿಂತಿರುತ್ತಾನೆ.

ಅವಳು ಎದ್ದು, ಬೆಳಿಗ್ಗೆ ಕಪಾಟಿನಲ್ಲಿಟ್ಟಿದ್ದ ರಟ್ಟಿನ ಪಿಸ್ತೂಲನ್ನು ತಂದು ಮೇಜಿನ ಮೇಲಿಟ್ಟಳು.

"ಗಲ್ಲಾದ ಡ್ರಾಯರಿನಲ್ಲಿತ್ತು," ಎಂದಳು.

ಗ್ರೇಮ್ ಕನ್ನಡಕ ಸರಿಮಾಡಿಕೊಂಡರು. ಅಂಕಿಗಳನ್ನು ಓದಿದರು. "ಸ್ವರಕ್ಷಣೆ ನಮ್ಮಲ್ಲಿ ಪಿಸ್ತೂಲಿಗೆ ಕಾರಣ ಆಗೋದಿಲ್ಲ, ಅದು ನಿಮಗೆ ಗೊತ್ತಿರಬೇಕು. ಅಂಗಡೀಲಿ ಇಟ್ಟುಕೊಳ್ಳೋದಂತೂ ಅಪರಾಧ," ಎಂದರು.

"ಗೊತ್ತು."

"ತೀರ್ಮಾನ ನನ್ನದಲ್ಲ. ಆದರೆ ನಾನು ಇದನ್ನ ಬರೀಲೇಬೇಕು. ಕ್ಲಬ್ಬಿನವರೂ ಇನ್ನು ಅವರನ್ನ ಇಟ್ಟುಕೊಳ್ತಾರೆ ಅನ್ನೋ ನಂಬಿಕೆ ನನಗಿಲ್ಲ."

"ಅಲ್ಲಿ ಹೋದ ದಿನ ಮಾತ್ರ ಅವನು ಮಲಗ್ತಾನೆ," ಎಂದಳು ಅವಳು. ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ.

"ಅದನ್ನೂ ಬರೀತೀನಿ," ಎಂದರು ಅವರು. ದುಃಖದ ನಿದ್ದೆಗೇಡಿಗೆ ವೈದ್ಯರಿದ್ದಾರೆ ಎಂದು ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದಿಟ್ಟು ಎದ್ದರು. ಹೋಗುವಾಗ ರಟ್ಟನ್ನು ಮುಟ್ಟಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮನೋಜ್ ಗಲ್ಲಾದಲ್ಲಿ ನಿಂತಿದ್ದ. ಗ್ರೇಮ್ ಅವನ ಕೈ ಕುಲುಕಿ ಹೋದ ರೀತಿಯಲ್ಲೇ ಅವನಿಗೆ ಎಲ್ಲ ಅರ್ಥವಾಗಿತ್ತು.

"ಹೇಳ್ಬಿಟ್ಯಾ?"

"ಹೇಳ್ದೆ."

"ನನ್ನ ಕಡೆ ಯಾರಿದಾರೆ ಕಾತ್ಯಾ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಿಂಗೇನು ಗೊತ್ತು, ಅಷ್ಟು ದೂರ ನಿಂತ್ಕೊಂಡು ನೋಡೋದು ಅಂದ್ರೆ..."

"ಪರದೆ ಅಲುಗ್ತು, ಮನೋಜ್."

ಅವನು ಪರದೆಯ ಕಡೆ ನೋಡಿದ.

"ವೀಡಿಯೋದಲ್ಲಿ ನೋಡ್ದೆ. ಒಂದೇ ಸಲ. ಹೆದರ್ಕೊಂಡಿದ್ದೆ ನೀನು. ಯಾರಾದ್ರೂ ಹೆದರ್ಕೋತಿದ್ರು. ನಾನಾಗಿದ್ರೂ."

ಫ್ರಿಜ್ಜಿನ ಮೋಟಾರು ಒಮ್ಮೆ ಗೊರಗುಟ್ಟಿ ನಿಂತಿತು. ಮನೋಜ್ ಗಲ್ಲಾದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಮುರಳಿ ತಿರುಗಿ ನೋಡ್ದ," ಎಂದ. "ಪಟ್ಟಿ ಸಂದಿಯಿಂದ ನನ್ನ ನೋಡ್ದ ಅವನು. ಬರ್ಬೇಡ ಅಂದ್ನೋ, ಬಾ ಅಂದ್ನೋ. ಇವತ್ತಿಗೂ ಗೊತ್ತಿಲ್ಲ ನಂಗೆ."

ಅವಳು ಹತ್ತಿರ ಹೋದಳು. ಅವನು ಅವಳನ್ನು ದಾಟಿ ಪೂಜೆಯ ಸಾಲಿಗೆ ಬಂದ, ಕೊನೆಯಲ್ಲಿದ್ದ ಉಕ್ಕಿನ ಟೇಪನ್ನು ಎತ್ತಿಕೊಂಡ. ಚೆಂಡುಹೂವು ನೆಲಕ್ಕೆ ಬಿತ್ತು. ನಾಳೆಯವರೆಗೆ ಮುಟ್ಟಬಾರದು ಎಂದು ಅವಳು ಹೇಳಲಿಲ್ಲ.

"ಈ ತುದಿ ಹಿಡ್ಕೊ," ಎಂದ.

ಅವನು ಪರದೆಯ ಹಿಂದೆ ಹೋಗಿ ಒಂದು ಜಾಗ ಹುಡುಕಿ ನಿಂತ. ಹುಡುಕಲು ಹೊತ್ತೇನೂ ಹಿಡಿಯಲಿಲ್ಲ. ಪಟ್ಟಿಗಳ ಕೆಳಗೆ ಅವನ ಶೂಗಳ ಮೂತಿ ಕಾಣುತ್ತಿತ್ತು. ಅವಳು ಟೇಪಿನ ಉಂಗುರ ಹಿಡಿದು, ಮುರಳಿ ನಿಲ್ಲುತ್ತಿದ್ದ ರಬ್ಬರ್ ಮ್ಯಾಟಿನ ಅಂಚಿಗೆ ಬಂದಳು. ಅವನು ಟೇಪನ್ನು ಬಿಗಿಯಾಗಿ ಎಳೆದ. ಜೋಲು ಬಿದ್ದರೆ ಅಳತೆ ಹೆಚ್ಚು ತೋರಿಸುತ್ತದೆ ಎಂದು ಡನೀಡಿನ್‌ನಲ್ಲಿ ಅವಳಿಗೆ ಹೇಳಿಕೊಟ್ಟವನು ಅವನೇ.

ಅಂಕಿ ಇದ್ದುದು ಅವನ ಕಡೆ. ಎಷ್ಟು ಹೊತ್ತಾದರೂ ಅವನು ಓದಲಿಲ್ಲ.

"ಕಣ್ಣು ಕಾಣ್ತಿಲ್ಲ ಕಣೇ. ನೀನೇ ಬಂದು ಓದು."

ಅವಳು ಉಂಗುರವನ್ನು ಮ್ಯಾಟಿನ ಅಂಚಿಗೆ ಸಿಕ್ಕಿಸಿ, ಪರದೆ ಸರಿಸಿ, ಅವನ ಪಕ್ಕದಲ್ಲಿ ಬಗ್ಗಿ ನೋಡಿದಳು. ಉಕ್ಕಿನ ಮೇಲೆ ಬೆಳಗಿನ ಕುಂಕುಮ ಅಂಟಿತ್ತು. ಹೆಬ್ಬೆರಳಿನಿಂದ ಒರೆಸಿ, ಗಟ್ಟಿಯಾಗಿ ಓದಿದಳು: ಎರಡು ಮೀಟರ್ ಅರವತ್ತನಾಲ್ಕು ಸೆಂಟಿಮೀಟರ್.