ಎಡೆಗೆ ಇಟ್ಟ ಮೊಬೈಲು

ನಮ್ಮ ಮಾವನವರ ಅಪ್ಪನಿಗೆ ಪಿತೃಪಕ್ಷದಲ್ಲಿ ಪ್ರತಿ ವರ್ಷವೂ ಒಂದು ಕಟ್ಟು ಬೀಡಿ ಇಡುತ್ತಿದ್ದರು. ಜೊತೆಗೆ ಬೆಂಕಿಪೊಟ್ಟಣ. ಮಾವನ ಅಕ್ಕನಿಗೆ ಎಲೆಯಡಿಕೆ, ಕಡ್ಡಿಪುಡಿ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಬಾಳೆಎಲೆಯ ಪಕ್ಕದಲ್ಲಿಟ್ಟು, ಧೂಪ ಹಾಕಿ, ಬಾಗಿಲು ಮುಂದೆಳೆದು, ಅವರು ಬಂದು ಉಂಡು ಹೋಗುವವರೆಗೆ ಎಲ್ಲರೂ ಹೊರಗೆ ಕಾಯುವುದು ಪದ್ಧತಿ. 2007ರ ಪಕ್ಷದಲ್ಲಿ ಆ ಸಾಲಿಗೆ ನನ್ನ ಗಂಡ ಸೇರಿದ. ಅವನಿಗೆ ಏನಿಡಬೇಕು ಎಂಬ ಪ್ರಶ್ನೆಗೆ ಮನೆಯವರೆಲ್ಲ ಒಂದೇ ಉತ್ತರ ಕೊಟ್ಟರು: ಮೊಬೈಲು.

ಅವನು ಏಪ್ರಿಲ್‌ನಲ್ಲಿ ಜ್ವರ ಬಂದು ಆರು ದಿನಕ್ಕೆ ಹೋದ. ಕ್ಯಾಮೆರಾ ಇರುವ ಆ ಮೊಬೈಲು ಕೊಂಡು ಆಗಿನ್ನೂ ನಾಲ್ಕು ತಿಂಗಳು. ಅವನಿಗೆ ತಾತನ ಹೆಸರನ್ನೇ ಇಟ್ಟಿದ್ದರು, ಅಂಜಿನಯ್ಯ ಎಂದು. ಆರ್ಕುಟ್‌ನಲ್ಲಿ ಅವನು ಅಂಜನ್ ಕೂಲ್. ಆ ಪುಟ ಹಾಗೇ ಉಳಿದಿತ್ತು. ಆಗಸ್ಟ್‌ನಲ್ಲಿ ಅವನ ಹುಟ್ಟುಹಬ್ಬಕ್ಕೆ ಇಪ್ಪತ್ತಮೂರು ಜನ ಶುಭಾಶಯ ಬರೆದರು. ‘ಪಾರ್ಟಿ ಯಾವಾಗ ಮಚ್ಚಾ, ಪತ್ತೇನೇ ಇಲ್ಲ’ ಎಂದು ಒಬ್ಬ ಮುನಿಸಿಕೊಂಡಿದ್ದ.

ನನ್ನದೂ ಒಂದು ಪುಟ ಇತ್ತು. ಆಗ ಅಲ್ಲಿ ಯಾರು ಯಾರಿಗೆ ಏನು ಬರೆದರೂ ಎಲ್ಲರಿಗೂ ಕಾಣುತ್ತಿತ್ತು. ನನ್ನ ಮೈದುನ ಮಹದೇವ್ ದೀಪಾಂಜಲಿ ನಗರದ ಸೈಬರ್ ಸೆಂಟರೊಂದರಲ್ಲಿ ಕೆಲಸಕ್ಕಿದ್ದ. ನನಗೆ ಬಂದದ್ದನ್ನೆಲ್ಲ ಓದಿಕೊಂಡು ಬಂದು ಊಟಕ್ಕೆ ಕೂತಾಗ ವಾರ್ತೆಯ ಹಾಗೆ ಹೇಳುತ್ತಿದ್ದ. ಜೂನ್‌ನಲ್ಲಿ ಎಂ.ಎ. ಸಹಪಾಠಿ ಅರುಣ, ‘ಹೇಗಿದೀಯ ತುಂಗಾ, ಊಟ ಮಾಡ್ತಿದೀಯ ತಾನೆ’ ಎಂದು ಬರೆದ. ಮರುದಿನ ನಾದಿನಿ ಸುಮಾ ಕೆಂಗೇರಿ ಉಪನಗರದಿಂದ ಎರಡು ಬಸ್ಸು ಬದಲಿಸಿ ಬಂದಳು.

“ಅತ್ತಿಗೆ, ನೀವು ಊಟ ಮಾಡಿದ್ರೆ ಅವನಿಗೇನಂತೆ?”

ನಾನು ಪುಟ ಅಳಿಸಿದೆ. ಯಾಕೆ ಅಳಿಸಿದಳು ಎಂದು ಇನ್ನೊಂದು ಸಭೆ ಆಯಿತು.

ಅವನ ಮೊಬೈಲು ಮಾತ್ರ ಆರು ತಿಂಗಳಿಂದ ಅತ್ತೆಯ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ಐದು ಅಂಕಿಯ ಕೋಡ್ ಒತ್ತದೆ ಅದು ತೆರೆಯುತ್ತಿರಲಿಲ್ಲ. ಕೋಡ್ ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅದರೊಳಗೆ ಹನ್ನೊಂದು ರೆಕಾರ್ಡಿಂಗ್ ಇದ್ದವು. ಕೇಳಬಾರದ್ದೇನೂ ಅಲ್ಲ. ಬೆಳಿಗ್ಗೆ ನಾನು ಅವನನ್ನು ಏಳಿಸುವುದು, ಅಷ್ಟೆ. ನಾವಿಬ್ಬರೂ ಜ್ಞಾನಭಾರತಿಯಲ್ಲಿ ಒಂದೇ ತರಗತಿಯವರು. ಎರಡು ವರ್ಷ ‘ಲೋ’, ‘ಲೇ’ ಎಂದೇ ಕರೆದುಕೊಂಡವರು. ಮದುವೆಯಾಗಿ ಅತ್ತಿಗುಪ್ಪೆಯ ಈ ಮನೆಗೆ ಬಂದ ಮೇಲೆ ನಡುಮನೆಯಲ್ಲಿ ಅವನು ನನಗೆ ‘ರೀ’ ಆದ, ‘ಅವರು’ ಆದ. ರೂಮಿನ ಬಾಗಿಲು ಹಾಕಿಕೊಂಡರೆ ಮಾತ್ರ, ‘ಲೋ ಅಂಜಿ, ಏಳೋ, ಸೋಂಬೇರಿ ನನ್ಮಗನೇ.’ ಅವನು ದಿಂಬಿನ ಕೆಳಗೆ ಮೊಬೈಲು ಇಟ್ಟುಕೊಂಡು ಅದನ್ನೇ ರೆಕಾರ್ಡ್ ಮಾಡುತ್ತಿದ್ದ. ಪ್ರತಿಯೊಂದರ ಕೊನೆಯಲ್ಲಿ ಅವನು ನಗುವುದು ಕೇಳುತ್ತಿತ್ತು. ಹಾಗೆ ಮಾತಾಡುವ ನಾನು ಬೇರೆಲ್ಲೂ ಉಳಿದಿರಲಿಲ್ಲ. ಅವನ ನಗುವೂ ಉಳಿದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ಮೊಬೈಲು ತೆಗೆದುಕೊಟ್ಟರು. ಮಹದೇವ್ ಸಿಮ್‌ಗೆ ಕರೆನ್ಸಿ ಹಾಕಿಸಿಕೊಂಡು ಬಂದು, ಚಾರ್ಜ್ ಮಾಡಿ, ಆನ್ ಮಾಡಿದ. ಅದು ಕೋಡ್ ಕೇಳಿತು.

“ಹಂಗೇ ಇಟ್ಬಿಡೋಣ,” ಎಂದೆ.

“ಹಂಗೇ ಅಂದ್ರೆ?” ಎಂದರು ಅತ್ತೆ ಇಂದ್ರಮ್ಮ. “ತಾತಂಗೆ ಬೀಡಿ ಇಟ್ರೆ ಬೆಂಕಿಪೊಟ್ಣ ಇಡಲ್ವಾ? ಬೀಗ ಹಾಕಿರೋ ಡಬ್ಬ ಇಟ್ಟು, ತಗೋಪ್ಪಾ ಮಗನೇ ಅನ್ನಕ್ಕಾಗುತ್ತಾ?”

“ಅವನ ಫೋನು. ಅವನಿಗೆ ಕೋಡ್ ಗೊತ್ತಿರಲ್ವೇನೇ?” ಎಂದರು ಮಾವ ಮುನಿಯಣ್ಣ, ಪೇಪರಿನ ಹಿಂದಿನಿಂದ. ಅವತ್ತು ಆ ಮನೆಯಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಹದೇವನ ಲೆಕ್ಕಾಚಾರ ಬೇರೆಯಿತ್ತು. “ಫೋಟೋ ಎಲ್ಲಾ ಆರ್ಕುಟ್‌ಗೆ ಹಾಕ್ತೀನಿ. ವಿಡಿಯೋ, ವಾಯ್ಸು ಏನೇನಿದೆಯೋ ಅದನ್ನ ನಾಳೆ ಊಟಕ್ಕೆ ಬಂದೋರಿಗೆಲ್ಲಾ ಬ್ಲೂಟೂತ್‌ನಲ್ಲಿ ಕಳ್ಸೋದು. ಅಣ್ಣನ ನೆನಪಿಗೆ.”

“ನಮ್ಮೆಜಮಾನ್ರ ಫೋನಲ್ಲೂ ಬ್ಲೂಟೂತ್ ಇದೆ ಕಣೋ,” ಎಂದಳು ಪಕ್ಷಕ್ಕೆಂದು ಬಂದಿದ್ದ ಸುಮಾ. “ಮೊದ್ಲು ನಮಗೆ ಕಳ್ಸು.”

ಎಲ್ಲರೂ ನನ್ನ ಕಡೆ ನೋಡಿದರು.

“ಅತ್ತಿಗೆ, ಕೋಡ್?”

“ನಂಗೊತ್ತಿಲ್ಲ.”

ಸುಳ್ಳು ಸಲೀಸಾಗಿ ಬಂತು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯೋಚಿಸಿರಲಿಲ್ಲ.

ಹುರುಳಿಕಾಯಿ ಮುರಿಯುತ್ತಿದ್ದ ಸುಮಾ ನಿಲ್ಲಿಸಿದಳು. “ಕಟ್ಕೊಂಡ ಹೆಂಡ್ತಿಗೂ ಹೇಳ್ದಿರೋ ಅಂಥದ್ದು ಅದ್ರಲ್ಲಿ ಏನಿತ್ತಮ್ಮಾ?”

“ಬಾಯ್ಮುಚ್ಚೇ. ನನ್ಮಗ ಅಂಥೋನಲ್ಲ.”

ಸ್ವಲ್ಪ ಹೊತ್ತಿಗೆ ಅತ್ತೆ ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. ದನಿ ತಗ್ಗಿಸಿ ಕೇಳಿದರು. “ತುಂಗಾ, ನಿಜ ಹೇಳು ಕಣಮ್ಮ. ಯಾರಾದ್ರೂ ಇದ್ಲಾ?”

ಯಾರೂ ಇರಲಿಲ್ಲ ಎಂದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಗೊತ್ತು ಎಂದು ತೋರಿಸಲು ನನ್ನಲ್ಲಿ ಇದ್ದದ್ದು ಆ ಐದು ಅಂಕಿ ಮಾತ್ರ. ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿತ್ತು. ಅದನ್ನು ತಿರುಗಿಸುತ್ತಲೇ, “ಗೊತ್ತಿಲ್ಲ ಅತ್ತೆ,” ಎಂದೆ.

ಮರುದಿನ ಬೆಳಿಗ್ಗೆ ಮಹದೇವ್ ಕೋಡ್ ಒಡೆಸಲು ಹೊರಟ. ಅಂಗಡಿಯವನು ಮದುವೆಯ ತಾರೀಕು ಅದು ಇದು ಕೇಳಿಯಾನು ಎಂದು ನನ್ನನ್ನೂ ಜೊತೆಗೆ ಕಳಿಸಿದರು.

ಅಂಗಡಿ ವಿಜಯನಗರದಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಇತ್ತು. ಮೊಬೈಲು ರಿಪೇರಿ ಮಾಡುವ ಫಕೀರೇಶ ಗದಗದ ಕಡೆಯವನು. ಅವನ ಕಂಪ್ಯೂಟರಿನ ಪರದೆಯ ತುಂಬ ಒಬ್ಬ ಮದುಮಗಳು. ಕಣ್ಣು ಮುಚ್ಚಿ ಬಾಯಿ ತೆರೆದುಕೊಂಡು, ಯಾರೋ ತಿನ್ನಿಸಲಿದ್ದ ಲಾಡುವಿಗೆ ಕಾಯುತ್ತಿದ್ದಳು.

“ನಿಮ್ಮನೆಯವ್ರಾ?” ಎಂದು ಕೇಳಿದೆ.

“ಅಲ್ರೀ ಅಕ್ಕಾರ. ಯಾರದೋ ರಿಪೇರಿಗೆ ಬಂದಿತ್ರಿ. ಫೋಟೋ ಚೊಲೋ ಬಂದೈತಿ, ಇಟ್ಕೊಂಡೀನಿ.”

ಮಹದೇವ್ ಬಗ್ಗಿ ನೋಡಿದ. “ಸೂಪರ್ ಕ್ಲಾರಿಟಿ ಗುರು. ನಂಗೂ ಕಳ್ಸು.”

ಫಕೀರೇಶ ನಮ್ಮ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿದ. “ಎರಡ ದಾರಿ ಅದಾವ್ರಿ. ಕೋಡ್ ಹೇಳಿದ್ರ ಒಳಗ ಇದ್ದದ್ದೆಲ್ಲಾ ನನ್ನ ಕಂಪ್ಯೂಟರಿಗೆ ತಗೊಂಡು ಸೀಡಿ ಮಾಡಿ ಕೊಡ್ತೀನಿ. ಕೋಡ್ ಇಲ್ಲಂದ್ರ ಸಾಫ್ಟ್‌ವೇರ್ ಹೊಡೀಬೇಕು. ಎಲ್ಲಾ ತೊಳದ ಹೋಗ್ತೈತಿ. ಒಂದೂ ಉಳಿಯಂಗಿಲ್ಲ.”

“ಅಯ್ಯೋ, ಅತ್ತಿಗೆ, ಇನ್ನೊಂದ್ಸಲ ಯೋಚ್ನೆ ಮಾಡಿ. ಅಣ್ಣ ಯಾವ್ದಾದ್ರೂ ನಂಬರ್ ಹೇಳ್ತಿದ್ನಾ?”

ತಲೆಯಾಡಿಸಿದೆ. ಅವನೇ ಅಣ್ಣನ ಹುಟ್ಟಿದ ದಿನ, ಪಿನ್‌ಕೋಡು, ಮನೆಯ ನಂಬರು ಎಂದು ತೋಚಿದ್ದನ್ನೆಲ್ಲ ಐದು ಅಂಕಿಗೆ ಹೊಂದಿಸಿ ಒತ್ತಿ ನೋಡಿದ. ಮೊಬೈಲು ಬಾಯಿ ಬಿಡಲಿಲ್ಲ.

ಹೇಳಿದ್ದರೆ ಹನ್ನೊಂದೂ ಉಳಿಯುತ್ತಿದ್ದವು. ಫಕೀರೇಶನ ಕಂಪ್ಯೂಟರಿನಲ್ಲಿ, ದೀಪಾಂಜಲಿ ನಗರದ ಸೈಬರ್ ಸೆಂಟರಿನಲ್ಲಿ, ಸುಮಾಳ ಗಂಡನ ಜೇಬಿನಲ್ಲಿ. ಯಾರದೋ ಮನೆಯ ನಾಮಕರಣದಲ್ಲಿ ಊಟದ ನಡುವೆ ಯಾರೋ ಒಂದು ಗುಂಡಿ ಒತ್ತುತ್ತಿದ್ದರು. ನಾನು ‘ಏಳೋ’ ಎನ್ನುತ್ತಿದ್ದೆ. ಅವನು ಇಡೀ ಪಂಕ್ತಿಯ ಎದುರಿಗೆ ನಗುತ್ತಿದ್ದ. ಆ ನಗುವನ್ನು ಅಲ್ಲೇ ನಿಂತು ಒಂದು ಸಲ ನೆನಪು ಮಾಡಿಕೊಳ್ಳಲು ನೋಡಿದೆ. ಅದು ಶುರುವಾಗುವುದು ನೆನಪಿತ್ತು. ನಿಲ್ಲುವುದು ಸರಿಯಾಗಿ ಬರಲಿಲ್ಲ.

“ಹೆಂಗ್ ಮಾಡ್ಲಿರಿ ಅಕ್ಕಾರ?”

“ತೊಳೆದುಬಿಡಿ,” ಎಂದೆ.

ಅವನು ವೈರು ಸಿಕ್ಕಿಸಿದ. ಪರದೆಯ ಮೇಲೆ, ಮದುಮಗಳ ಗಲ್ಲದ ಕೆಳಗೆ, ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಅಷ್ಟರಲ್ಲಿ ಫಕೀರೇಶ ಚಹಾ ತರಿಸಿದ. ನಾನು ಕುಡಿದೆ.

ಮಧ್ಯಾಹ್ನ ಎಡೆ ಇಟ್ಟರು. ಮುದ್ದೆ, ಮಟನ್ ಸಾರು, ಹುರುಳಿಕಾಯಿ ಪಲ್ಯ, ಕಜ್ಜಾಯ. ಅವನ ಎಲೆಯ ಪಕ್ಕದಲ್ಲಿ ಮೊಬೈಲು, ಬೀಗವಿಲ್ಲದೆ, ಆನ್ ಆಗಿ. ಧೂಪ ಹಾಕಿ ಬಾಗಿಲು ಮುಂದೆಳೆದು ಎಲ್ಲರೂ ಹೊರಗೆ ಮೆಟ್ಟಿಲ ಬಳಿ ನಿಂತೆವು. ಎರಡು ನಿಮಿಷವಾಗಿರಬಹುದು, ಒಳಗೆ ಮೊಬೈಲು ರಿಂಗಾಯಿತು.

ಅತ್ತೆ ಕೈ ಮುಗಿದರು. ಸುಮಾ ತಾಳಿ ಕಣ್ಣಿಗೊತ್ತಿಕೊಂಡಳು.

“ಹೋಗಿ ಎತ್ಲಾ?” ಎಂದ ಮಹದೇವ್.

“ಅವನ ಫೋನು. ಬೇಕಾದ್ರೆ ಅವನೇ ಎತ್ಕೋತಾನೆ, ಸುಮ್ನಿರೋ,” ಎಂದರು ಮಾವ.

ಅವನು ಎತ್ತಲಿಲ್ಲ. ಮೂರನೇ ಸಲ ರಿಂಗಾದಾಗ ತಡೆಯಲಾರದೆ ಮಹದೇವ್ ಒಳಗೆ ನುಗ್ಗಿ ಕಿವಿಗೆ ಹಿಡಿದ. ಹೊಸ ಕಾಲರ್ ಟ್ಯೂನ್ ಬೇಕಾದರೆ ಒಂದನ್ನು ಒತ್ತಬೇಕಂತೆ.

ಊಟಕ್ಕೆ ಕೂತಾಗ ಅತ್ತೆ ಕೇಳದೆಯೇ ನನ್ನ ಎಲೆಗೆ ಎರಡನೇ ಕಜ್ಜಾಯ ಹಾಕಿದರು. ತಲೆ ಸವರಿದರು. “ಹೋಗ್ಲಿ ಬಿಡು ಕಣಮ್ಮ. ಏನಿದ್ರೂ ತೊಳ್ದೋಯ್ತಲ್ಲ. ಗಂಡಸ್ರೇ ಹಂಗೆ.” ಗಂಡ ಸತ್ತ ಸೊಸೆಯ ಮೇಲೆ ಆರು ತಿಂಗಳಲ್ಲಿ ಬಾರದ ಪ್ರೀತಿ, ಗಂಡ ಮೋಸ ಮಾಡಿದ ಸೊಸೆಯ ಮೇಲೆ ಒಂದೇ ದಿನದಲ್ಲಿ ಬಂದಿತ್ತು. ನಾನು ಕಜ್ಜಾಯ ತಿಂದೆ. ಅವನ ಪರವಾಗಿ ಒಂದು ಮಾತೂ ಆಡಲಿಲ್ಲ.

ಖಾಲಿ ಮೊಬೈಲನ್ನು ಬೀರುವಿನಲ್ಲಿಟ್ಟು ಏನು ಮಾಡುವುದೆಂದು ಅದನ್ನು ಮಹದೇವನಿಗೆ ಕೊಟ್ಟರು. ಸಂಜೆ ಅವನು ಸೋಫಾದಲ್ಲಿ ಕೂತು ಅದಕ್ಕೆ ಹೊಸ ಕೋಡ್ ಹಾಕತೊಡಗಿದ.

“ನಿಂಗ್ಯಾಕೋ ಬೀಗ?” ಎಂದರು ಅತ್ತೆ.

“ಪರ್ಸನಲ್ ಅಂತ ಇರುತ್ತಮ್ಮಾ. ಎಲ್ಲಾನೂ ಎಲ್ರಿಗೂ ತೋರ್ಸಕ್ಕಾಗುತ್ತಾ?”

ಕಾಫಿ ಹಿಡಿದು ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ಹೆಬ್ಬೆರಳು ಮೊದಲ ಎರಡು ಅಂಕಿ ಒತ್ತಿದ್ದು ಕಂಡಿತು. ಲೋಟವನ್ನು ಟೀಪಾಯಿಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿದೆ.