ಗಾಜಿನ ಕಪಾಟಿನ ಬಾವಲಿ

ನಾನು ಒಂದು ಕಂಚಿನ ಬಾವಲಿ. ಹುಟ್ಟಿದ್ದು ಎರಕದ ಮನೆಯಲ್ಲಿ, ದೇವರ ವಿಗ್ರಹಗಳ ಪಕ್ಕದಲ್ಲಿ. ನನ್ನನ್ನು ಮಾಡಿದ ಕಾಳಾಚಾರಿಯವರು ಅಲ್ಲಿಯವರೆಗೆ ನಂದಿ, ನಾಗರಗಳನ್ನಷ್ಟೇ ಮಾಡಿದ್ದವರು. ಬಾವಲಿ ಎಂದ ಕೂಡಲೇ ಮುಖ ಸಿಂಡರಿಸಿದರು. ಸಸ್ತನಿ ಅಧ್ಯಯನ ಸಂಘದವರು ತಂದ ಚಿತ್ರದಲ್ಲಿ ತಾಯಿಯ ಮೊಲೆ ಕಚ್ಚಿಕೊಂಡ ಮರಿಯನ್ನು ಕಂಡ ಮೇಲೆ ಮೆತ್ತಗಾದರು.

"ಹಾಲು ಕುಡಿಸ್ತದೆ ಅಂದ್ಮೇಲೆ ಇದೂ ತಾಯೇ ಅಲ್ವಾ" ಎನ್ನುತ್ತಾ ನನ್ನ ರೆಕ್ಕೆಯನ್ನು ಮರಿಯ ಸುತ್ತ ಇನ್ನಷ್ಟು ಬಳಸಿ ಎರಕ ಹೊಯ್ದರು. ಆಮೇಲೆ ಮರದ ಪೀಠ, ಅದರ ಮೇಲೊಂದು ಕಂಚಿನ ಕೊಂಬೆ. ಕೊಂಬೆಯ ಕೆಳಗೆ ತಿರುಪು ಹಾಕಿ ನನ್ನನ್ನು ತಲೆಕೆಳಗಾಗಿ ತೂಗುಬಿಟ್ಟರು. ಬಾವಲಿಗೆ ಅದಕ್ಕಿಂತ ಸುಖ ಬೇರೆ ಇಲ್ಲ.

ಆ ವರ್ಷ ಸಸ್ತನಿಗಳ ಬಗ್ಗೆ ನಡೆದ ಶ್ರೇಷ್ಠ ಸಂಶೋಧನೆಗೆ ಸಂಘ ಕೊಡುವ ಪ್ರಶಸ್ತಿಯಾಗಿ ನಾನು ಡಾ. ನೀಲಾಂಬಿಕಾ ಹಂಚಿನಾಳರ ಕೈ ಸೇರಿದೆ. ವಿಜಯಪುರದ ಕಡೆಯ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕಾಲೇಜಿನ ಹಿಂದೆ ಕಮಾನುಗಳ ಹಳೆಯ ಬಾವಿ, ಅದರ ತುಂಬ ಬಾವಲಿಗಳು. ಅಷ್ಟೊಂದು ಮರಿಗಳ ನಡುವೆ, ಕತ್ತಲಲ್ಲಿ, ತಾಯಿ ತನ್ನ ಮರಿಯ ದನಿಯನ್ನು ಹೇಗೆ ಗುರುತಿಸುತ್ತದೆ ಎಂದು ತಿಳಿಯಲು ಅವರು ವರ್ಷಗಟ್ಟಲೆ ಆ ಬಾವಿಯ ಮೆಟ್ಟಿಲ ಮೇಲೆ ಕೂತಿದ್ದರು. ಸೀರೆಗೆ ಹಿಕ್ಕೆಯ ವಾಸನೆ ಅಂಟಿ, ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರಂತೆ. ನನಗೆ ಆ ವಾಸನೆಯೇ ತವರಿನದ್ದು ಅನ್ನಿಸಿತು.

ಅವರ ಮನೆಗೆ ಹೋಗುತ್ತೇನೆಂದು ನಂಬಿದ್ದೆ. ಸನ್ಮಾನದ ದಿನ ಪ್ರಾಚಾರ್ಯ ಕೊಲ್ಹಾರ ಸಾಹೇಬರು ಮೇಡಮ್ಮಿಗೆ ಹಾರ ಹಾಕಿ, ನನ್ನನ್ನು ತಮ್ಮ ಕೋಣೆಯ ಗಾಜಿನ ಕಪಾಟಿಗೆ ಹಾಕಿದರು.

"ಒಂದ್ ದಿನಾ ಮನಿಗೆ ಒಯ್ದು ತರ್ತೀನ್ರಿ ಸರ" ಎಂದರು ಮೇಡಮ್.

"ಇಲ್ಲೇ ಛಂದ ಕಾಣ್ತದ ಬಿಡ್ರಿ. ಕಾಲೇಜು ನಿಮ್ದಲ್ಲೇನು?"

ಅದೂ ಸಾಲದೆಂದು, ಯಾರೋ ನನ್ನನ್ನು ತಪ್ಪಾಗಿ ಜೋಡಿಸಿದ್ದಾರೆಂದುಕೊಂಡು ಸಾಹೇಬರು ಜವಾನನಿಂದ ತಿರುಪು ಬಿಚ್ಚಿಸಿದರು. ಕೊಂಬೆಯ ಮೇಲೆ ನನ್ನನ್ನು ಕಾಗೆಯ ಹಾಗೆ ನೆಟ್ಟಗೆ ನಿಲ್ಲಿಸಿದರು. ಮೇಡಮ್ ವಿವರಿಸಿ ಹೇಳಿದರೂ ಕೇಳಲಿಲ್ಲ. ತಲೆಕೆಳಗಾದ ಪ್ರಶಸ್ತಿ ಕಾಲೇಜಿಗೆ ಶೋಭೆಯಲ್ಲ ಎಂದರು. ಬೀಗ ಬಿತ್ತು. ಒಳಗೆ ಗಾಳಿಯಿಲ್ಲ, ಬಾವಿಯ ಸದ್ದಿಲ್ಲ. ಎದುರಿನ ಕಿಟಕಿಯಲ್ಲಿ ಬಾವಿ ಕಾಣುತ್ತಿತ್ತು, ಸಂಜೆ ಅಲ್ಲಿಂದ ನನ್ನವರೆಲ್ಲ ಹೊಗೆಯ ಹಾಗೆ ಮೇಲೇಳುತ್ತಿದ್ದರು. ನೋಡುತ್ತಾ ನಿಂತಿರುವುದೊಂದೇ ನನಗಿದ್ದ ಕೆಲಸ. ಹೊಟ್ಟೆಯುರಿಯುತ್ತಿತ್ತು.

ಮರುವರ್ಷ ಕಾಲೇಜಿನ ಗುಣಮಟ್ಟ ನೋಡಲು ಕಮಿಟಿ ಬರುತ್ತದೆಂದು ಸುದ್ದಿಯಾಯಿತು. ಗೋಡೆಗೆ ಸುಣ್ಣ, ಗಿಡಕ್ಕೆ ಕೆಮ್ಮಣ್ಣು, ನನಗೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು. ಉಳಿದದ್ದು ಬಾವಿಯ ವಾಸನೆ. ಬಾವಲಿಗಳನ್ನು ಓಡಿಸಿ ಅದನ್ನು ತೆಗೆಸಲು ಸಾಹೇಬರು ಆಳುಗಳಿಗೆ ಹೇಳಿದ್ದು ತಿಳಿದು, ಮೇಡಮ್ ನನ್ನೆದುರಿಗೇ ಬಂದು ನಿಂತರು.

"ಮರಿಗೋಳಿಗೆ ಇನ್ನಾ ಹಾರಾಕ ಬರಂಗಿಲ್ರೀ ಸರ. ಎರಡು ತಿಂಗಳಾ ತಡೀರಿ. ಆಮ್ಯಾಲ ನಾನಽ ಏನರ ಮಾಡ್ತೀನಿ."

"ಕಮಿಟಿಯವರು ಎರಡು ತಿಂಗಳಾ ತಡೀತಾರೇನ್ರಿ? ಮೂಗು ಮುಚ್ಕೊಂಡು ಕುಂತ್ರ ಮಾನ ಯಾರ್ದು ಹೋಗ್ತದ?"

"ನಿಮ್ ಕೈ ಮುಗೀತೀನ್ರಿ." ಮೇಡಮ್ ನಿಜವಾಗಿಯೂ ಕೈ ಮುಗಿದರು. ಸಾಹೇಬರು ಮುಜುಗರದಿಂದ ಫ್ಯಾನಿನ ಕಡೆ ನೋಡಿದರು.

ಮರುದಿನ ಹಸಿ ಬೇವಿನ ಸೊಪ್ಪಿಗೆ ಒಣಮೆಣಸಿನಕಾಯಿ ಸೇರಿಸಿ ಬಾವಿಯೊಳಗೆ ಹೊಗೆ ಹಾಕಿದರು. ಘಾಟಿಗೆ ಕ್ಲಾಸುಗಳಲ್ಲೆಲ್ಲ ಕೆಮ್ಮು. ಹಾಡಹಗಲಿನಲ್ಲಿ ತಾಯಂದಿರು ಹೊರಗೆ ಬಿದ್ದರು. ಕೆಲವರ ಎದೆಯಲ್ಲಿ ಮರಿಯಿತ್ತು, ಬಹಳ ಜನರ ಎದೆ ಬರಿದಾಗಿತ್ತು. ಕೂಡಲೇ ಕಮಾನುಗಳಿಗೆ ಬಲೆ ಬಿಗಿದರು. ಸಂಜೆಯ ತನಕ ಅವು ಬಲೆಗೆ ಬಡಿದುಕೊಳ್ಳುತ್ತಲೇ ಇದ್ದವು. ಒಳಗಿನ ಮರಿಗಳ ದನಿ ಅವಕ್ಕೆ ಕೇಳುತ್ತಿದ್ದಿರಬೇಕು. ಮೆಟ್ಟಿಲ ಮೇಲೆ ಕೂತಿದ್ದ ಮೇಡಮ್ಮಿಗಂತೂ ಕೇಳುತ್ತಿತ್ತು, ಸೆರಗಿನಿಂದ ಕಿವಿ ಮುಚ್ಚಿಕೊಂಡದ್ದನ್ನು ನಾನು ಕಂಡೆ. ನನಗೂ ರೆಕ್ಕೆಯಿತ್ತು. ಏನು ಬಂತು? ಅಂದು ನನ್ನ ಕಂಚಿನ ಮೈಯನ್ನು ಶಪಿಸಿದಷ್ಟು ಎಂದೂ ಶಪಿಸಿಲ್ಲ.

ಕಮಿಟಿ ಬಂತು. ಸಾಹೇಬರು ಎದೆಯುಬ್ಬಿಸಿ ನನ್ನನ್ನು ತೋರಿಸಿದರು. ಕಮಿಟಿಯ ಹಿರಿಯರೊಬ್ಬರು ಮೇಡಮ್ಮಿನತ್ತ ತಿರುಗಿ, "ಬಹಳ ಸಂತೋಷ. ಸಂಶೋಧನೆ ಮುಂದುವರಿದಿದೆ ಅಲ್ವೇನಮ್ಮ?" ಎಂದು ಕೇಳಿದರು.

"ಮುಗೀತ್ರಿ" ಎಂದರು ಮೇಡಮ್.

ಪಾಪ, ಅವರು ಅಭಿನಂದಿಸಿದರು.

ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತು. ಮೇಡಮ್ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಸಾಹೇಬರಿಗೆ ಏನನ್ನಿಸಿತೋ, ತಾವೇ ಕಪಾಟಿನ ಬೀಗ ತೆಗೆದು ಬಾಗಿಲು ಹಾರು ಹೊಡೆದರು. "ತಗೊಂಡ್ ಹೋಗ್ರಿ ಮೇಡಮ್. ನಿಮ್ದಽ ಅದು."

ಗಾಳಿ ಒಳಗೆ ಬಂತು. ನಾನು ಕಾದೆ. ಮೇಡಮ್ ಹತ್ತಿರ ಬಂದು ಬಹಳ ಹೊತ್ತು ನನ್ನನ್ನೇ ನೋಡಿದರು. ಬೆರಳು ನನ್ನ ಮರಿಯ ತನಕ ಬಂದು ಹಿಂದೆ ಸರಿಯಿತು.

"ಬ್ಯಾಡ್ರಿ ಸರ. ಮನ್ಯಾಗ ಇಟ್ಕೊಂಡ್ರ ನನಗ ನಿದ್ದಿ ಹತ್ತಂಗಿಲ್ಲ."

ಅವರು ಹೋದರು. ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅಂದಿನಿಂದ ಈ ಕಪಾಟಿಗೆ ಯಾರೂ ಬೀಗ ಹಾಕುತ್ತಿಲ್ಲ.