ಗೊಂಬೆ ಸಿಕ್ಕವರು ತಮಾಲೆ ಮಾಡಬೇಕು

ರಕ್ತನಿಧಿಯ ಕಿಟಕಿಯ ಹಿಂದಿದ್ದ ಹೆಂಗಸು ಎರಡು ಪುಟ್ಟ ನಳಿಗೆಗಳನ್ನು ಎತ್ತಿ ಹಿಡಿದಳು. ರಕ್ತದ ಕೆಂಪು ತಳಕ್ಕೆ ಕೂತಿತ್ತು. ಅದರ ಮೇಲೆ ತಿಳಿಯಾಗಿರಬೇಕಾದ ನೀರು ಹಾಲಿನ ಹಾಗೆ ಬೆಳ್ಳಗಿತ್ತು.

"ನಿನ್ನೆ ಏನ್ ತಿಂದ್ರಿ?"

ರಕ್ತ ಕೊಡಲು ಬಂದಿದ್ದ ರೆಫುಹಿಯೋ ಮಾವನೂ ಗ್ಯಾರೇಜಿನ ನಾಬೋರನೂ ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ ನೆಲ ನೋಡಿದರು.

"ತಮಾಲೆ," ಅಂದರು ಮಾವ.

"ಎಷ್ಟು?"

"ಎಂಟು."

"ನಾನು ಆರೇ," ಅಂದ ನಾಬೋರ್, ಮಹಾ ಸಂಯಮಿಯ ಹಾಗೆ.

"ಕೊಬ್ಬಿನ ಪದಾರ್ಥ ತಿನ್ಬೇಡಿ ಅಂತ ಚೀಟೀಲಿ ದಪ್ಪಕ್ಷರದಲ್ಲಿ ಬರೆದಿದೀವಿ. ಬೆಳಗ್ಗಿಂದ ಹದಿನಾಲ್ಕು ಜನಾನ ವಾಪಸ್ ಕಳಿಸಿದೀನಿ. ಪ್ರತಿ ವರ್ಷ ಕಂದೆಲಾರಿಯಾ ಹಬ್ಬದ ಮಾರನೇ ದಿನ ಇದೇ ಗೋಳು."

ನಾನು ಮುಂದೆ ಬಂದು ಎದೆ ಮೇಲೆ ಕೈ ಇಟ್ಟೆ. "ಮೇಡಂ, ಇವರ ರಕ್ತದಲ್ಲಿ ಕೊಬ್ಬಿರಬಹುದು. ಆದ್ರೆ ದ್ರೋಹ ಇಲ್ಲ."

"ದ್ರೋಹ ಇದ್ರೂ ಪರವಾಗಿಲ್ಲ, ಕೊಬ್ಬು ಬೇಡ," ಅಂದಳು ಅವಳು. "ಹನ್ನೊಂದೂವರೆಗೆ ಕಿಟಕಿ ಮುಚ್ಚುತ್ತೆ. ಇಬ್ಬರು ರಕ್ತ ಕೊಟ್ಟ ರಸೀದಿ ಬರದಿದ್ರೆ ನಾಳೆಯ ಹಾಸಿಗೆ ಬೇರೆಯವರಿಗೆ ಹೋಗುತ್ತೆ. ನಿಮಗೆ ಮುಂದಿನದ್ದು ಮಾರ್ಚ್‌ನಲ್ಲಿ."

ಕೀಮೋಗೆಂದು ಕಾದಿರಿಸಿದ್ದ ಆ ಹಾಸಿಗೆ ಚೆಲಾ ದೊಡ್ಡಮ್ಮನದು. ಮೂರು ವರ್ಷದ ಹಿಂದೆ ಕ್ಯಾನ್ಸರ್ ಹೋಯಿತೆಂದು ಬೀದಿಗೆಲ್ಲ ಊಟ ಹಾಕಿದ್ದಳು. ಈಗ ಅದು ಲಿವರ್‌ನಲ್ಲಿ ಮತ್ತೆ ಕಾಣಿಸಿಕೊಂಡಿದೆ. ಒಂದು ವಾರವೂ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಇವರು ಮಾರ್ಚ್ ಅನ್ನುತ್ತಾರೆ.

ದೊಡ್ಡಮ್ಮನ ಮಗಳು ಯದೀರಾ ಅಕ್ಕ ನನ್ನ ಮುಂಗೈ ಹಿಡಿದು ತಿರುವಿದಳು. ಅಲ್ಲಿ ನನ್ನ ಎಂಟು ತಿಂಗಳ ಹಚ್ಚೆ ಇತ್ತು, ಕುಸ್ತಿಪಟುವಿನ ಮುಖವಾಡ. ಹಚ್ಚೆ ಹಾಕಿಸಿಕೊಂಡರೆ ವರ್ಷ ತುಂಬುವವರೆಗೆ ರಕ್ತ ಕೊಡುವಂತಿಲ್ಲ. "ಈ ಕೋತಿ ಮೂತಿ ಬದಲು ಬುದ್ಧಿ ಹಾಕಿಸ್ಕೊಂಡಿದ್ರೆ ಆಗ್ತಿತ್ತು," ಅಂದಳು. ಅವಳದೂ ನಡೆಯುವುದಿಲ್ಲ, ನಲವತ್ತಾರು ಕಿಲೋ. ಐವತ್ತಾದರೂ ಇರಬೇಕಂತೆ.

ತಪ್ಪು ಹಚ್ಚೆಯದಷ್ಟೇ ಆಗಿದ್ದರೆ ಬೈಸಿಕೊಂಡು ಸುಮ್ಮನಿರುತ್ತಿದ್ದೆ.

ಜನವರಿ ಆರರ ಹಬ್ಬಕ್ಕೆ ಉಂಗುರದಾಕಾರದ ಬ್ರೆಡ್ ಕತ್ತರಿಸಿದಾಗ ಒಳಗಿದ್ದ ಬಾಲಯೇಸುವಿನ ಪ್ಲಾಸ್ಟಿಕ್ ಗೊಂಬೆ ಸಿಕ್ಕಿದ್ದು ನನ್ನ ತುಂಡಿನಲ್ಲಿ. ಗೊಂಬೆ ಸಿಕ್ಕವರು ಫೆಬ್ರವರಿ ಎರಡರ ಕಂದೆಲಾರಿಯಾಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ನಾನು ಅದನ್ನು ಕೆನ್ನೆಯೊಳಗೆ ಬಚ್ಚಿಟ್ಟು, ಯಾರೂ ನೋಡದಾಗ ದೊಡ್ಡಮ್ಮನ ತುಂಡಿನೊಳಗೆ ತುರುಕಿದೆ. ಎಲ್ಲರೂ ನಕ್ಕರು. ಮರುವಾರ ಸ್ಕ್ಯಾನ್ ವರದಿ ಬಂತು. ಆಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಅಂಗಡಿಯಿಂದ ತರೋಣ ಅಂದರೆ ದೊಡ್ಡಮ್ಮ ಕೇಳಲಿಲ್ಲ. "ಗೊಂಬೆ ನಂಗೆ ಸಿಕ್ಕಿದೆ, ನಾನೇ ಮಾಡ್ತೀನಿ." ಎರಡು ದಿನ ಹಂದಿಕೊಬ್ಬನ್ನು ಕೈಯಲ್ಲೇ ನಾದಿ, ಮೆಕ್ಕೆಜೋಳದ ಹಿಟ್ಟಿಗೆ ಕಲಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ನೂರಿಪ್ಪತ್ತು ಬೇಯಿಸಿದಳು. ಚೀಟಿ ತೋರಿಸಿದ್ದಕ್ಕೆ ಅಕ್ಕನಿಗೇ ಬೈದಳು. "ರಕ್ತ ಕೊಡೋರು ಹೊಟ್ಟೆ ತುಂಬಾ ತಿನ್ಬೇಕು ಕಣೇ. ಖಾಲಿ ಹೊಟ್ಟೇಲಿ ಎಲ್ಲಿಂದ ಬರುತ್ತೆ ರಕ್ತ?" ಮಾವನ ತಟ್ಟೆ ಖಾಲಿಯಾಗಲು ಬಿಡಲೇ ಇಲ್ಲ.

"ಇಡೀ ಪ್ಯೂಬ್ಲಾ ಊರಲ್ಲಿ ನಿನ್ನೆ ತಮಾಲೆ ತಿನ್ನದವರು ಯಾರಿದ್ದಾರೋ?" ಅಕ್ಕ ಗೋಡೆಗೆ ತಲೆ ಆನಿಸಿದಳು. ಇಬ್ಬರಿಗೂ ಒಂದೇ ಹೆಸರು ಹೊಳೆದು ಒಬ್ಬರ ಮುಖ ಒಬ್ಬರು ನೋಡಿದೆವು.

"ಬೇಡ," ಅಂದೆ ನಾನು.

"ಹೋಗು," ಅಂದಳು ಅವಳು.

ನೀರಿನ ಕ್ಯಾನ್ ಮಾರುವ ಅಬ್ದಿಯಾಸ್ ನಮ್ಮ ಬೀದಿಯ ಮೂಲೆಯವರು. ಅವರದು ಕ್ರೈಸ್ತರಲ್ಲೇ ಬೇರೆ ಸಭೆ. ಸಂತರಿಲ್ಲ, ಗೊಂಬೆಯಿಲ್ಲ, ಹಬ್ಬದ ತಮಾಲೆಯನ್ನು ಮುಟ್ಟುವುದೂ ಇಲ್ಲ. ಸಾಲದ್ದಕ್ಕೆ ಪ್ರತಿ ಮಂಗಳವಾರ ಮಧ್ಯಾಹ್ನದವರೆಗೆ ಮನೆಮಂದಿಯೆಲ್ಲ ಉಪವಾಸ, ಅಂದು ಮಂಗಳವಾರವೇ. ಅವರ ವ್ಯಾನಿನ ಧ್ವನಿವರ್ಧಕವೇ ಭಾನುವಾರ ಅವರ ಪ್ರಾರ್ಥನೆಗೂ ದುಡಿಯುತ್ತದೆ. ಕಳೆದ ತಿಂಗಳು ಅದರ ಪೆನ್‌ಡ್ರೈವ್ ಕದ್ದು ನನ್ನದನ್ನು ಸಿಕ್ಕಿಸಿದ್ದೆ. ಎಲ್ಲರೂ ಕಣ್ಣು ಮುಚ್ಚಿ ಸ್ತುತಿಗೀತೆಗೆ ಕಾಯುತ್ತಿದ್ದಾಗ ಸೊಂಟ ಕುಣಿಸುವ ಕುಂಬಿಯಾ ಶುರುವಾಗಿತ್ತು.

ನಾಬೋರ್ ಕೆಂಪು ದೀಪಗಳನ್ನೆಲ್ಲ ಮರೆತು ಗಾಡಿ ಓಡಿಸಿದ. ಅಬ್ದಿಯಾಸ್ ಅಂಗಳದಲ್ಲಿ ಕ್ಯಾನ್ ತೊಳೆಯುತ್ತಿದ್ದರು. ನಾನು ಮಂಡಿಯೂರಿದೆ. ನೆಲ ಒದ್ದೆಯಿತ್ತು.

"ಅಣ್ಣಾ, ನಿಮ್ಮ ಮುಂದೆ ಇರೋದು ಹಳೇ ಇರ್ವಿನ್ ಅಲ್ಲ. ಅವನು ಸತ್ತೋದ."

"ಯಾವಾಗ?"

"ಈಗ್ಲೇ. ಇಪ್ಪತ್ತು ನಿಮಿಷ ಆಯ್ತು."

"ಸಿನಿಮಾ ಬೇಡ. ಏನ್ ಬೇಕು ಹೇಳು."

ಹೇಳಿದೆ. ಡೈಲಾಗ್ ಇಲ್ಲದೆ ಹೇಳಿದರೆ ವಿಷಯ ಎಷ್ಟು ಚಿಕ್ಕದು: ದೊಡ್ಡಮ್ಮ, ನಾಳೆ, ಇಬ್ಬರು, ಹನ್ನೊಂದೂವರೆ. ಅವರು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು.

"ನೊಯೆಮಿ, ಚಪ್ಪಲಿ ಹಾಕ್ಕೊ, ಆಸ್ಪತ್ರೆಗೆ ಹೋಗ್ಬೇಕು," ಎಂದು ಹೆಂಡತಿಯನ್ನು ಕೂಗಿ ನನ್ನ ಕಡೆ ತಿರುಗಿದರು. "ಪೆನ್‌ಡ್ರೈವ್ ಎಲ್ಲಿದೆ?"

"ಮನೇಲಿ."

"ಸಂಜೆಯೊಳಗೆ ಬೇಕು. ಮೂರು ವಾರದಿಂದ ನಾನೇ ಹಾಡ್ತಿದೀನಿ. ಜನ ಬರೋದು ಕಡಿಮೆಯಾಗಿದೆ."

ಹನ್ನೊಂದು ಇಪ್ಪತ್ತಕ್ಕೆ ಎರಡು ರಸೀದಿ ಕಿಟಕಿಯೊಳಗೆ ಹೋದವು. ಆ ಹೆಂಗಸು ಅಬ್ದಿಯಾಸರ ನಳಿಗೆಯನ್ನು ಬೆಳಕಿಗೆ ಹಿಡಿದು ನನ್ನ ಮಾವನಿಗೆ ತೋರಿಸಿದಳು. "ನೋಡಿ ಕಲ್ತ್ಕೊಳ್ಳಿ."

ಮನೆಯಲ್ಲಿ ದೊಡ್ಡಮ್ಮ ಮಂಚದ ಮೇಲೆ ಚೀಲ ತುಂಬುತ್ತಿದ್ದಳು. ಉಣ್ಣೆಯ ಕಾಲುಚೀಲ, ಹಳೆಯ ತಲೆವಸ್ತ್ರ, ನಿಂಬೆ ಪೆಪ್ಪರಮೆಂಟು. ಹೋದ ಸಲದ ಪ್ಲಾಸ್ಟಿಕ್ ಬೇಸಿನ್ನನ್ನು ಒಳಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಾನು ಬೆಳಗಿನ ಕಥೆಯನ್ನೆಲ್ಲ ಹೇಳಿ ಕೊನೆಗೆ ಗೊಂಬೆಯ ವಿಷಯವನ್ನೂ ಕಕ್ಕಿದೆ.

"ಗೊತ್ತಿತ್ತು ಬಿಡೋ," ಅಂದಳು. "ಗೊಂಬೆ ಒದ್ದೆಯಾಗಿತ್ತು."

"ಮತ್ತೆ ಯಾಕ್ ಸುಮ್ನಿದ್ದೆ?"

"ನೀನು ಮಾಡಿದ ತಮಾಲೆ ಯಾವನು ತಿಂತಾನೆ?" ಅವಳು ತಲೆವಸ್ತ್ರ ಮಡಚಿದಳು, ಸರಿಬರಲಿಲ್ಲ, ಮತ್ತೆ ಬಿಡಿಸಿದಳು. "ಹೋದ್ಸಲ ಆರು ತಿಂಗಳು ಬಾಯಲ್ಲಿ ಬರೀ ತುಕ್ಕಿನ ರುಚಿ. ಕೊಬ್ಬಿನ ವಾಸನೆ ಬಂದ್ರೆ ಬಚ್ಚಲಿಗೆ ಓಡ್ತಿದ್ದೆ. ಮತ್ತೆ ಬಂದಿದೆ ಅಂತ ಡಾಕ್ಟ್ರು ಹೇಳ್ದಾಗ ಮೊದ್ಲು ನೆನಪಾಗಿದ್ದು ಅದೇ. ಅಷ್ಟರೊಳಗೆ ಒಂದ್ಸಲ ಸರಿಯಾಗಿ ತಿನ್ಬೇಕು ಅನ್ನಿಸ್ತು."

"ಸರಿ, ನೀನು ತಿನ್ನು. ಮಾವಂಗೆ ಎಂಟು ತುರುಕಿದ್ದು ಯಾಕೆ?" ನನಗೆ ನಿಜಕ್ಕೂ ರೇಗಿಹೋಗಿತ್ತು. "ನಾಳೆ ಹಾಸಿಗೆ ಹೋಗ್ತಿತ್ತು ದೊಡ್ಡಮ್ಮಾ. ಮಾರ್ಚ್ ಅಂದ್ರು ಅವ್ರು. ಮಾರ್ಚ್."

"ಒಬ್ಳೇ ಕೂತು ತಿಂದಿದ್ರೆ ನೀವೆಲ್ಲ ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ರಿ."

ಅವಳು ಅಡುಗೆಮನೆಗೆ ಹೋಗಿ ಉಳಿದಿದ್ದ ಆರು ತಮಾಲೆಗಳನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ತಂದಳು.

"ಅಬ್ದಿಯಾಸ್‌ಗೆ ಕೊಡು."

"ಅವ್ರು ಹಬ್ಬದ್ದು ತಿನ್ನಲ್ಲ."

"ಹಬ್ಬ ನಿನ್ನೆಗೇ ಮುಗೀತು ಅಂತ ಹೇಳು. ಇವು ಬರೀ ಮಂಗಳವಾರದ ತಮಾಲೆ. ಉಪವಾಸ ಮುಗಿದ ಮೇಲೆ ತಿನ್ಲಿ." ಬಾಗಿಲ ತನಕ ಬಂದು ನನ್ನ ಕಿವಿ ಹಿಂಡಿದಳು. "ಡೈಲಾಗ್ ಹೊಡೀಬೇಡ. ಕೊಟ್ಟು ಬಾ."

ಒಂದು ಕೈಯಲ್ಲಿ ಬಿಸಿ ಗಂಟು, ಜೇಬಿನಲ್ಲಿ ಪೆನ್‌ಡ್ರೈವ್. ಬೀದಿಯ ಮೂಲೆ ಮುಟ್ಟುವವರೆಗೂ ಕಿವಿ ಉರಿಯುತ್ತಲೇ ಇತ್ತು.